ತ್ರೀ ಫೇಸ್ ಬಂದ ಹೊತ್ತು

ಮಾನ್ಯರೇ,

ಲಕ್ವ ಎಂದರೇನೆಂದು ಮಂಡ್ಯದ ಸಭೆಗೆ ವಿವರಿಸಬೇಕಾಗಿಲ್ಲ. ನಾನು ಮಾತನಾಡಬೇಕೆಂದಿರುವುದು ಗಡಿಯಾರದ ಬಗ್ಗೆ. ಮಿದುಳಿನ ರಕ್ತನಾಳಕ್ಕೆ ಅಡ್ಡಗಟ್ಟಿದ ಹೆಪ್ಪನ್ನು ಕರಗಿಸುವ ಆಲ್ಟೆಪ್ಲೇಸ್ ಚುಚ್ಚುಮದ್ದನ್ನು ಮೂರು ಗಂಟೆಯೊಳಗೆ ಕೊಟ್ಟರೆ ಅಂಗವಿಕಲತೆ ತಗ್ಗುತ್ತದೆಂದು 1995ರಲ್ಲಿ ಅಮೆರಿಕದ 624 ರೋಗಿಗಳ ಅಧ್ಯಯನ ತೋರಿಸಿತು. 2008ರಲ್ಲಿ ಯುರೋಪಿನ ಅಧ್ಯಯನ ಆ ಗಡುವನ್ನು ನಾಲ್ಕೂವರೆ ಗಂಟೆಗೆ ಹಿಗ್ಗಿಸಿತು. ಆದರೆ ಈ ಗಡುವನ್ನು ಎಣಿಸುವುದು ಎಲ್ಲಿಂದ? ರೋಗಿ ಬಿದ್ದಿದ್ದನ್ನು ಮನೆಯವರು ಕಂಡ ಹೊತ್ತಿನಿಂದಲ್ಲ, ಅವರು ಚೆನ್ನಾಗಿದ್ದುದನ್ನು ಯಾರಾದರೂ ಕೊನೆಯ ಬಾರಿ ಕಂಡ ಹೊತ್ತಿನಿಂದ.

ಕೆಲವು ವರ್ಷಗಳ ಹಿಂದೆ ಪಾಂಡವಪುರದ ಕಡೆಯ ರೈತರೊಬ್ಬರನ್ನು ಬೆಳಗಿನ ಜಾವ 5.45ಕ್ಕೆ ನಮ್ಮ ಆಸ್ಪತ್ರೆಗೆ ಕರೆತಂದರು. ಬಲಗೈ ಬಿದ್ದಿತ್ತು, ಮಾತು ನಿಂತಿತ್ತು. ನಾಲ್ಕೂವರೆಗೆ ಪಂಪ್‌ಸೆಟ್ ಬಳಿ ಬಿದ್ದಿದ್ದನ್ನು ಕಂಡೆವೆಂದೂ, ತಾನು ಅವರೊಡನೆ ಮಾತನಾಡಿದ್ದು ಹಿಂದಿನ ರಾತ್ರಿ ಹತ್ತಕ್ಕೆಂದೂ ಮಗ ಹೇಳಿದ. ಹಾಗಾದರೆ ಏಳು ಮುಕ್ಕಾಲು ಗಂಟೆ; ಬರೀ ಸಿ.ಟಿ. ಸ್ಕ್ಯಾನನ್ನು ನೆಚ್ಚಿಕೊಂಡಿದ್ದ ನಮಗೆ ಬಾಗಿಲು ಮುಚ್ಚಿದಂತೆಯೇ. ಆಗ ಗೋಡೆಗೆ ಒರಗಿ ನಿಂತಿದ್ದ ಅವರ ಹೆಂಡತಿ, "ತ್ರೀ ಫೇಸು ಬಂದಾಗ ಎದ್ರು ಸ್ವಾಮಿ, ಬ್ಯಾಟ್ರಿ ಎಲ್ಲಿಕ್ಕಿದ್ದೀಯೆ ಅಂತ ನನ್ನೇ ಕೇಳುದ್ರು" ಎಂದರು. ಮಾತು ತೊದಲಿತ್ತೇ ಎಂದೆ. "ಇಲ್ಲ, ಬಯ್ದ್ರು" ಎಂದರು. ಅದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕೆ? ಮಗ ಪಕ್ಕದ ಜಮೀನಿನವರಿಗೆ ಫೋನು ಮಾಡಿದ. ಅಂದು ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಬಂದದ್ದು 3.30ಕ್ಕೆ.

ಸ್ಕ್ಯಾನಿನಲ್ಲಿ ರಕ್ತಸ್ರಾವ ಇರಲಿಲ್ಲ. ಈ ಔಷಧಿಯನ್ನು ಕಿಲೋ ತೂಕಕ್ಕೆ 0.9 ಮಿಲಿಗ್ರಾಂ ಲೆಕ್ಕದಲ್ಲಿ, ಹತ್ತನೇ ಒಂದು ಭಾಗವನ್ನು ಮೊದಲ ನಿಮಿಷದಲ್ಲೂ ಉಳಿದದ್ದನ್ನು ಒಂದು ಗಂಟೆಯಲ್ಲೂ ಕೊಡಬೇಕು. ಮಗನಿಗೆ ಅಪ್ಪನ ತೂಕ ತಿಳಿದಿರಲಿಲ್ಲ. ಹೋದ ಸಾಲಿನ ಕಬ್ಬಿನ ಲೋಡಿನ ತೂಕ ಮಾತ್ರ ಕಿಲೋ ಸಮೇತ ನೆನಪಿತ್ತು! ಅಂದಾಜಿನಲ್ಲಿ ಐವತ್ತೆಂಟು ಎಂದು ಹಿಡಿದು 6.20ಕ್ಕೆ ಶುರು ಮಾಡಿದೆವು. ಇಂದು ಅವರು ಗದ್ದೆಗೆ ನಡೆದು ಹೋಗುತ್ತಾರೆ, ಅಂಗಿಯ ಗುಂಡಿಯನ್ನು ಮಾತ್ರ ಎಡಗೈಯಲ್ಲೇ ಹಾಕಿಕೊಳ್ಳುತ್ತಾರೆ.

ಇದು ಸಂಜೀವಿನಿಯಲ್ಲ. ನಾನು ಮೊದಲು ಹೇಳಿದ ಅಧ್ಯಯನದಲ್ಲೇ ಮಿದುಳಿನ ರಕ್ತಸ್ರಾವದಿಂದ ಸ್ಥಿತಿ ಬಿಗಡಾಯಿಸಿದವರು ಔಷಧಿ ಪಡೆದವರಲ್ಲಿ ಶೇ. 6.4, ಪಡೆಯದವರಲ್ಲಿ ಶೇ. 0.6. ರಕ್ತದೊತ್ತಡ 185/110ಕ್ಕಿಂತ ಕೆಳಗೆ ಇಳಿಯದೆ ಕೊಡುವಂತಿಲ್ಲ. ಇಷ್ಟೆಲ್ಲ ಇದ್ದರೂ ನಾವು ಕೊಡಲಾಗದೆ ಕೈಚೆಲ್ಲುವುದು ಬಹುಪಾಲು ಹೊತ್ತು ಮೀರಿದ್ದರಿಂದಲೇ. ಎಣ್ಣೆ ತಿಕ್ಕಿ, ಸೊಪ್ಪಿನ ರಸ ಹಿಂಡಿ, ಸ್ಕ್ಯಾನೇ ಇಲ್ಲದ ಕಡೆ ಗ್ಲೂಕೋಸ್ ಏರಿಸಿಕೊಂಡು, ಮಧ್ಯಾಹ್ನ ನಮ್ಮ ಬಳಿ ಬರುತ್ತಾರೆ.

ಅಧ್ಯಕ್ಷರು ಕೈಗಡಿಯಾರ ನೋಡುತ್ತಿದ್ದಾರೆ. ಇಂದು ಅದನ್ನು ಆಕ್ಷೇಪಿಸುವ ಹಕ್ಕು ನನಗಿಲ್ಲ. ಒಂದೇ ಬಾರಿಗೆ ಚುಚ್ಚಿ ಮುಗಿಸಬಹುದಾದ ಟೆನೆಕ್ಟಪ್ಲೇಸ್ ಎಂಬ ಇದೇ ಬಗೆಯ ಔಷಧಿ ಬಂದಿದೆ. ದೊಡ್ಡ ನಾಳ ಕಟ್ಟಿದ್ದರೆ, ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ತೊಡೆಯ ನಾಳದಿಂದ ಕೊಳವೆ ತೂರಿಸಿ ಹೆಪ್ಪನ್ನು ಎಳೆದು ತೆಗೆಯಬಹುದು. ಅದರ ಚಿತ್ರಗಳನ್ನು ತಂದಿದ್ದೆ, ಇರಲಿ. ಬಾಯಿ ಸೊಟ್ಟಗಾದವರಿಗೆ ನೀರು, ಮಾತ್ರೆ ಏನನ್ನೂ ಕುಡಿಸಬೇಡಿ. 108ಕ್ಕೆ ಕರೆ ಮಾಡಿ. ಆಸ್ಪತ್ರೆಗೆ ಬರುವಾಗ, ಅವರೊಡನೆ ಕೊನೆಗೆ ಮಾತನಾಡಿದವರನ್ನೂ ಆಂಬುಲೆನ್ಸಿನಲ್ಲಿ ಕೂರಿಸಿಕೊಂಡು ಬನ್ನಿ.