ಸುತ್ತ ನಿಂತು ನೋಡಿದವರು

ಕೇಳುಗರಿಗೆಲ್ಲ ನಮಸ್ಕಾರ.

ಶಾಲೆಯ ಅಂಗಳದಲ್ಲಿ ಒಬ್ಬ ಹುಡುಗನಿಗೆ ಪೆಟ್ಟು ಬಿತ್ತು ಅಂತ ಇಟ್ಟುಕೊಳ್ಳಿ. ಹೆಡ್‌ಮಾಸ್ಟರ ರೂಮಿಗೆ ಯಾರನ್ನು ಕರೆಸುತ್ತಾರೆ? ಹೊಡೆದವನನ್ನು, ಪೆಟ್ಟು ತಿಂದವನನ್ನು, ಮರುದಿನ ಇಬ್ಬರ ಅಪ್ಪ ಅಮ್ಮನನ್ನು. ಸುತ್ತ ನಿಂತು ನೋಡಿದ ಇಪ್ಪತ್ತು ಮೂವತ್ತು ಮಕ್ಕಳು ಇದ್ದರಲ್ಲ, ಅವರನ್ನು ಯಾರೂ ಕರೆಯುವುದಿಲ್ಲ. ಬೆಲ್ ಹೊಡೆದ ಕೂಡಲೇ ಅವರು ಕ್ಲಾಸಿಗೆ ಹೋಗಿ ಕೂತಿರುತ್ತಾರೆ. ನಾನು ಉಡುಪಿ ಕಡೆಯ ಹೈಸ್ಕೂಲುಗಳಲ್ಲಿ ಪಿ.ಟಿ. ಮಾಸ್ಟರ್ ಆಗಿದ್ದವನು, ಈಗ ರಿಟೈರ್ಡ್. ಇವತ್ತು ನನಗೆ ಮಾತಾಡಬೇಕಾಗಿರುವುದು ಮುಖ್ಯವಾಗಿ ಆ ಮೂವತ್ತು ಮಕ್ಕಳ ಬಗ್ಗೆ.

ಅದಕ್ಕಿಂತ ಮೊದಲು ಒಂದು ವಿಷಯ ಬಿಡಿಸಿ ಹೇಳಿಬಿಡುತ್ತೇನೆ. ಮಕ್ಕಳು ಜಗಳ ಮಾಡುತ್ತಾರೆ. ಕಬಡ್ಡಿಯಲ್ಲಿ ಗೆರೆ ಮುಟ್ಟಿದನೋ ಇಲ್ಲವೋ ಅಂತ ಕಾಲರ್ ಹಿಡಿಯುತ್ತಾರೆ, ಸಂಜೆ ಅದೇ ಇಬ್ಬರು ಒಂದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ನಗಾಡುತ್ತಾ ಹೋಗುತ್ತಾರೆ. ಅದು ಜಗಳ, ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಉಪದ್ರ ಕೊಡುವುದು ಬೇರೆ. ನಾರ್ವೆಯಲ್ಲಿ ಡಾನ್ ಓಲ್ವೆಯಸ್ ಅಂತ ಒಬ್ಬರು ಮನಶ್ಶಾಸ್ತ್ರಜ್ಞರಿದ್ದರು. ಸ್ವೀಡನ್ನಿನವರು, 1970ರ ಸುಮಾರಿಗೇ ಇದರ ಅಧ್ಯಯನ ಶುರು ಮಾಡಿದವರು. ಅವರು ಮೂರು ಗುರುತು ಹೇಳಿದ್ದಾರೆ: ಬೇಕಂತಲೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಬಲ ಒಂದೇ ಕಡೆ ಇರುವುದು. ಬಲ ಅಂದರೆ ತೋಳಿನ ಬಲವೇ ಆಗಬೇಕಿಲ್ಲ. ಒಬ್ಬನ ಹಿಂದೆ ಆರು ಜನ ಇದ್ದು ಇನ್ನೊಬ್ಬನ ಹಿಂದೆ ಯಾರೂ ಇಲ್ಲದಿದ್ದರೆ ಅದೂ ಬಲವೇ.

ನಮ್ಮ ಕಡೆ ಈ ಬಲ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಮಂಗಳೂರು, ಮೂಡುಬಿದಿರೆ, ಉಡುಪಿಯ ಪಿಯು ಹಾಸ್ಟೆಲುಗಳಿಗೆ ಘಟ್ಟದ ಮೇಲಿನಿಂದ, ಉತ್ತರ ಕರ್ನಾಟಕದಿಂದ ಮಕ್ಕಳು ಬರುತ್ತಾರೆ. ಹದಿನಾರು ವರ್ಷ, ಮನೆ ಬಿಟ್ಟು ಬಂದದ್ದು ಮೊದಲ ಸಲ. ಸುತ್ತಲಿನವರು ತುಳುವಿನಲ್ಲಿ ಏನೋ ಹೇಳಿ ನಕ್ಕರೆ ಅದು ತನ್ನ ಬಗ್ಗೆಯೇ ಅಂತ ಆ ಹುಡುಗನಿಗೆ ಅನಿಸುತ್ತದೆ, ಎಷ್ಟೋ ಸಲ ಅದು ನಿಜವೂ ಹೌದು. ಅವನು ಬಾಯಿ ಬಿಟ್ಟರೆ ಅವನ ಕನ್ನಡವನ್ನೇ ಅಣಕಿಸುತ್ತಾರೆ. ಇದರಲ್ಲಿ ನನಗೆ ಸೋಜಿಗ ಏನೆಂದರೆ, ಬೆಂಗಳೂರಿಗೆ ಹೋದ ನಮ್ಮ ಮಕ್ಕಳ ಮಂಗಳೂರು ಕನ್ನಡವನ್ನು ಅಲ್ಲಿ ಯಾರಾದರೂ ಅಣಕಿಸಿದರೆ ನಮಗೆ ಎಷ್ಟು ಉರಿಯುತ್ತದೆ ಅಲ್ವಾ?

ಹುಡುಗಿಯರಲ್ಲಿ ಪೆಟ್ಟು ಕಡಿಮೆ, ಆದರೆ ಬೆಂಚಿನ ಮೇಲೆ ಬ್ಯಾಗ್ ಇಟ್ಟು "ಇಲ್ಲಿ ಜನ ಉಂಟು" ಅನ್ನುವುದು, ಊಟಕ್ಕೆ ಒಬ್ಬಳನ್ನು ಮಾತ್ರ ಬಿಟ್ಟು ಹೋಗುವುದು, ಅವಳಿಲ್ಲದ ವಾಟ್ಸಾಪ್ ಗ್ರೂಪ್ ಮಾಡಿ ಅದರಲ್ಲಿ ಅವಳದ್ದೇ ಫೋಟೋಗೆ ಏನೇನೋ ಬರೆಯುವುದು, ಇದೆಲ್ಲ ವರ್ಷಗಟ್ಟಲೆ ನಡೆಯುತ್ತದೆ. ಗಾಯ ಕಾಣುವುದಿಲ್ಲವಾದ್ದರಿಂದ ಟೀಚರಿಗೆ ತೋರಿಸಲಿಕ್ಕೂ ಏನೂ ಇರುವುದಿಲ್ಲ.

ಇದು ಕ್ಲಾಸಿನೊಳಗೆ ನಡೆಯುವುದು ಕಡಿಮೆ. ಟಾಯ್ಲೆಟ್ಟಿನ ಹತ್ತಿರ, ನೀರಿನ ನಳ್ಳಿಯ ಹತ್ತಿರ, ಗ್ರೌಂಡಿನ ಆಚೆ ಮೂಲೆಯಲ್ಲಿ, ಸಂಜೆಯ ಬಸ್ಸಿನಲ್ಲಿ. ಟಾಯ್ಲೆಟ್ಟಿಗೆ ಹೋಗಲು ಹೆದರಿ ಬೆಳಗ್ಗಿನಿಂದ ಸಂಜೆವರೆಗೆ ನೀರೇ ಕುಡಿಯದ ಮಕ್ಕಳಿದ್ದಾರೆ. ನಿಮ್ಮ ಮಗ ಮನೆಗೆ ಬಂದು ಚಪ್ಪಲಿ ಬಿಚ್ಚುವ ಮೊದಲೇ ಬಾತ್‌ರೂಮಿಗೆ ಓಡುತ್ತಾನಾ, ವಾಟರ್ ಬಾಟಲಿ ಹೋದ ಹಾಗೇ ತುಂಬಿ ವಾಪಸ್ ಬರುತ್ತದಾ, ಸ್ವಲ್ಪ ನೋಡಿ. ಮಳೆಗಾಲದಲ್ಲಿ ಪದೇ ಪದೇ ಕೊಡೆ ಕಳೆದುಹೋಯಿತು ಅಂದರೂ ಬೈಯುವ ಮೊದಲು ಒಂದು ಸಲ ಯೋಚಿಸಿ. ಸೋಮವಾರ ಬೆಳಗ್ಗೆ ಮಾತ್ರ ಬರುವ ಹೊಟ್ಟೆನೋವು, ಎದುರಿಗೇ ಬಸ್ಸಿದ್ದರೂ ಅದನ್ನು ಬಿಟ್ಟು ಮುಂದಿನ ಬಸ್ಸಿಗೆ ಕಾಯುವುದು, ಇವಕ್ಕೆಲ್ಲ ಕಾರಣ ಇರುತ್ತದೆ.

ಈಗ ಆ ಮೂವತ್ತು ಮಕ್ಕಳ ವಿಷಯಕ್ಕೆ ಬರುತ್ತೇನೆ.

ಕೆನಡಾದಲ್ಲಿ ಕೆಲವು ಸಂಶೋಧಕರು ಶಾಲೆಯ ಆಟದ ಬಯಲಿನಲ್ಲಿ ಕ್ಯಾಮೆರಾ ಇಟ್ಟು, ಮಕ್ಕಳಿಗೆ ಸಣ್ಣ ಮೈಕ್ ಸಿಕ್ಕಿಸಿ, ಏನು ನಡೆಯುತ್ತದೆ ಅಂತ ರೆಕಾರ್ಡ್ ಮಾಡಿದರು. 2001ರಲ್ಲಿ ಅದು ಪ್ರಕಟವಾಯಿತು. ಉಪದ್ರ ಕೊಟ್ಟ ಪ್ರಸಂಗಗಳಲ್ಲಿ ಶೇಕಡಾ 88ರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಅವರಲ್ಲಿ ಯಾರಾದರೂ ಬಾಯಿ ಹಾಕಿದ್ದು ಬಹಳ ಕಡಿಮೆ. ಆದರೆ ಬಾಯಿ ಹಾಕಿದಾಗ, ಅರ್ಧಕ್ಕಿಂತ ಜಾಸ್ತಿ ಸಲ, ಹತ್ತು ಸೆಕೆಂಡಿನೊಳಗೆ ಅದು ನಿಂತುಹೋಯಿತು. ಹತ್ತು ಸೆಕೆಂಡ್! ನಾವು ಹೆಡ್‌ಮಾಸ್ಟರ ರೂಮಿನಲ್ಲಿ ಎರಡು ಗಂಟೆ ಕೂತರೂ ಆಗದ್ದು.

ಯಾಕೆ ಹೀಗೆ ಅಂದರೆ, ಉಪದ್ರ ಕೊಡುವವನಿಗೆ ನಿಜವಾಗಿ ಬೇಕಾದದ್ದು ಎದುರಿಗಿರುವ ಪಾಪದ ಹುಡುಗ ಅಲ್ಲ, ಸುತ್ತ ನಿಂತವರ ನಗು. ನಮ್ಮ ಯಕ್ಷಗಾನ ಮೇಳದವರನ್ನೇ ಕೇಳಿ, ಎದುರಿಗೆ ಜನ ಇಲ್ಲದಿದ್ದರೆ ಆಟ ಬೆಳಗಿನವರೆಗೆ ರಂಗೇರುತ್ತದಾ? ಫಿನ್ಲೆಂಡಿನಲ್ಲಿ ಇದನ್ನೇ ಹಿಡಿದುಕೊಂಡು ಟುರ್ಕು ವಿಶ್ವವಿದ್ಯಾನಿಲಯದವರು ಕೀವಾ ಅಂತ ಒಂದು ಕಾರ್ಯಕ್ರಮ ಮಾಡಿದರು. 2009ರಿಂದ ಅದು ಆ ದೇಶದ ಹೆಚ್ಚಿನ ಶಾಲೆಗಳಿಗೆ ಹರಡಿತು. ಅಲ್ಲಿ ಪಾಠ ನಡೆಯುವುದು ಇಡೀ ಕ್ಲಾಸಿಗೆ. ನಕ್ಕವನು ಏನು ಮಾಡಿದ, ಸುಮ್ಮನಿದ್ದವನು ಏನು ಮಾಡಿದ, ಪಕ್ಕಕ್ಕೆ ಬಂದು ನಿಂತವನು ಏನು ಮಾಡಿದ ಅಂತ.

ಆದ್ದರಿಂದ ಕೇಳುತ್ತಿರುವ ಮಕ್ಕಳಿಗೆ ಹೇಳುತ್ತೇನೆ. ನೀವು ಸಿನಿಮಾ ಹೀರೋ ತರ ನುಗ್ಗಿ ಹೊಡೆದಾಡಬೇಕು ಅಂತ ನಾನು ಹೇಳುತ್ತಿಲ್ಲ, ಅದು ಬೇಡ, ಪೆಟ್ಟಾಗುತ್ತದೆ. ನಗಬೇಡಿ, ಅಷ್ಟು ಸಾಕು ಮೊದಲಿಗೆ. ಆಮೇಲೆ ಅವನ ಹತ್ತಿರ ಹೋಗಿ "ಬಾ ಮಾರಾಯ, ಸರ್ ಕರೀತಿದ್ದಾರೆ" ಅಂತ ಕೈ ಹಿಡಿದು ಕರೆದುಕೊಂಡು ಬನ್ನಿ. ಸರ್ ಕರೆಯದಿದ್ದರೂ ಪರವಾಗಿಲ್ಲ, ಆ ಸುಳ್ಳಿಗೆ ಮಾರ್ಕ್ ಕಟ್ ಮಾಡುವುದಿಲ್ಲ. ಒಬ್ಬರಿಗೆ ಧೈರ್ಯ ಬರದಿದ್ದರೆ ಇಬ್ಬರು ಹೋಗಿ. ಅದೂ ಆಗದಿದ್ದರೆ ಸಂಜೆ ಅವನ ಪಕ್ಕ ಬಸ್ಸಿನಲ್ಲಿ ಕೂತುಕೊಳ್ಳಿ. ಟೀಚರಿಗೆ ಹೇಳಿದರೆ ಚಾಡಿ ಹೇಳಿದ ಅನ್ನುತ್ತಾರೆ ಅಂತ ಹೆದರಿಕೆಯಾದರೆ ಹೆಸರು ಬರೆಯದೆ ಒಂದು ಚೀಟಿ ಹಾಕಿ, ಶಾಲೆಯಲ್ಲಿ ಪೆಟ್ಟಿಗೆ ಇದ್ದರೆ. ಎಷ್ಟೋ ಕಡೆ ಆ ಪೆಟ್ಟಿಗೆಯ ಬೀಗ ತುಕ್ಕು ಹಿಡಿದಿರುತ್ತದೆ, ಅದು ಬೇರೆ ಮಾತು.

ಫೋನಿನ ವಿಷಯ ಹೇಳದೆ ಆಗುವುದಿಲ್ಲ. ಹಿಂದೆ ಹೊಡೆದಾಟ ನಡೆದರೆ ಮಕ್ಕಳು ಓಡಿ ಬಂದು ನೋಡುತ್ತಿದ್ದರು. ಈಗ ಓಡಿ ಬಂದು ವಿಡಿಯೋ ಮಾಡುತ್ತಾರೆ. ಪೆಟ್ಟು ತಿಂದವನ ಮುಖದ ಊತ ನಾಲ್ಕು ದಿನಕ್ಕೆ ಇಳಿಯುತ್ತದೆ, ಆ ವಿಡಿಯೋ ಮಾತ್ರ ಅವನು ಪಿಯು ಮುಗಿಸಿ, ಡಿಗ್ರಿ ಮುಗಿಸಿ, ಕೆಲಸಕ್ಕೆ ಸೇರಿದ ಮೇಲೂ ಯಾರದ್ದೋ ಫೋನಿನಲ್ಲಿ ಇರುತ್ತದೆ. ಬಟ್ಟೆ ಎಳೆದ, ಬಿಚ್ಚಿಸಿದ ವಿಡಿಯೋ ಆದರೆ 2012ರ ಪೋಕ್ಸೋ ಕಾಯಿದೆಯೇ ಬರಬಹುದು, ಕಳಿಸಿದವನಿಗೂ ಸೇರಿ. "ನಾನು ಸುಮ್ನೆ ಫಾರ್ವರ್ಡ್ ಮಾಡಿದ್ದು" ಅನ್ನುವುದು ಅಲ್ಲಿ ನಡೆಯುವುದಿಲ್ಲ. ಅಂಥದ್ದು ನಿಮಗೆ ಬಂದರೆ ಯಾರಿಗೂ ಕಳಿಸಬೇಡಿ, ದೊಡ್ಡವರಿಗೆ ಹೇಳಿ. ಬೆದರಿಕೆಯ ಮೆಸೇಜ್ ಬಂದರೆ ಹೆದರಿ ಡಿಲೀಟ್ ಮಾಡಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಇನ್ನು ನನ್ನ ಸಹೋದ್ಯೋಗಿಗಳ ಹತ್ತಿರ ಎರಡು ಮಾತು, ಸಿಟ್ಟು ಬಂದರೂ ಅಡ್ಡಿಯಿಲ್ಲ. ನಮ್ಮಲ್ಲಿ ರಾಜಿ ಮಾಡಿಸುವ ಚಟ ಜಾಸ್ತಿ. ಇಬ್ಬರನ್ನೂ ಕರೆದು, ಎದುರಾಬದುರು ನಿಲ್ಲಿಸಿ, "ಕೈ ಕುಲುಕಿ, ಇನ್ನು ಫ್ರೆಂಡ್ಸ್" ಅಂತ ಕಳಿಸುವುದು. ಜಗಳಕ್ಕೆ ಇದು ಸರಿ. ಉಪದ್ರಕ್ಕೆ ಸರಿಯಲ್ಲ. ಹೆದರಿಕೊಂಡಿರುವ ಮಗು ಹೆದರಿಸಿದವನ ಎದುರು ಏನು ಹೇಳುತ್ತದೆ? "ಏನೂ ಇಲ್ಲ ಸರ್, ತಮಾಷೆಗೆ" ಅನ್ನುತ್ತದೆ. ಬೇರೆ ಬೇರೆ ಕೂರಿಸಿ ಮಾತಾಡಿಸಿ. ಇನ್ನೊಂದು, ಟಿ.ಸಿ. ಕೊಟ್ಟು ಕಳಿಸುವುದು. ಅದರಿಂದ ನಿಮ್ಮ ಶಾಲೆಗೆ ನೆಮ್ಮದಿ, ಪಕ್ಕದ ಶಾಲೆಗೆ ಅದೇ ಹುಡುಗ. ಬೆತ್ತವಂತೂ ಬೇಡವೇ ಬೇಡ. 2009ರ ಶಿಕ್ಷಣ ಹಕ್ಕು ಕಾಯಿದೆ ಅದನ್ನು ನಿಷೇಧಿಸಿದೆ, ಅದಿರಲಿ, ಚಿಕ್ಕವನಿಗೆ ಹೊಡೆದೆ ಅಂತ ದೊಡ್ಡವರು ಅವನಿಗೆ ಹೊಡೆದರೆ ಅವನು ಕಲಿಯುವುದು ಏನನ್ನು?

ನಾರ್ವೆಯಲ್ಲಿ 1982ರ ಕೊನೆಗೆ ಮೂವರು ಹುಡುಗರು ಇಂಥ ಉಪದ್ರದ ಹಿನ್ನೆಲೆಯಲ್ಲಿ ಜೀವ ಕಳೆದುಕೊಂಡರು. ಮರುವರ್ಷವೇ ಸರ್ಕಾರ ದೇಶದ ಶಾಲೆಗಳಲ್ಲೆಲ್ಲ ಆಂದೋಲನ ಶುರು ಮಾಡಿತು. ಬರ್ಗೆನ್ ನಗರದ 42 ಶಾಲೆಗಳಲ್ಲಿ ಓಲ್ವೆಯಸ್ ಎರಡು ವರ್ಷ ಲೆಕ್ಕ ಇಟ್ಟರು, ಉಪದ್ರ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. ಮಾಡಿದ್ದೇನು ಅಂದರೆ ದೊಡ್ಡ ಸಂಗತಿಯಲ್ಲ. ಇಂಟರ್ವಲ್‌ನಲ್ಲಿ ಮಾಸ್ಟರುಗಳು ಹೊರಗೆ ಬಂದು ಓಡಾಡಿದರು. ಕ್ಲಾಸಿನಲ್ಲಿ ಮಕ್ಕಳೊಂದಿಗೇ ಕೂತು ನಿಯಮ ಮಾಡಿದರು, ಆಗಾಗ ಅದರ ಬಗ್ಗೆ ಕ್ಲಾಸಿನಲ್ಲೇ ಮಾತಾಡಿದರು. ಚಹಾ ಲೋಟ ಹಿಡಿದುಕೊಂಡೇ ಟಾಯ್ಲೆಟ್ಟಿನ ಕಡೆ ಒಂದು ಸುತ್ತು ಹೋಗಿ ಬರಲು ಬಜೆಟ್ ಬೇಕಾಗುವುದಿಲ್ಲ.

ಉಪದ್ರ ಕೊಡುವ ಹುಡುಗನ ಅಪ್ಪ ಅಮ್ಮನೂ ಇದನ್ನು ಕೇಳುತ್ತಿರಬಹುದು. "ನಮ್ಮವ ಸ್ವಲ್ಪ ಪೋಕರಿ, ಅಷ್ಟೇ" ಅಂತ ನಗಬೇಡಿ. ಹಾಗೆ ಗುರುತಿಸಿದ ಹುಡುಗರನ್ನು ಓಲ್ವೆಯಸ್ ಮುಂದೆಯೂ ಗಮನಿಸಿದರು. 24 ವರ್ಷ ಆಗುವಾಗ ಅವರಲ್ಲಿ ಶೇಕಡಾ 60ರಷ್ಟು ಮಂದಿಗೆ ಒಂದಾದರೂ ಅಪರಾಧದಲ್ಲಿ ಶಿಕ್ಷೆಯಾಗಿತ್ತು. ನಮ್ಮಲ್ಲಿ 18 ತುಂಬದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು. ಆದರೆ 2015ರ ಕಾಯಿದೆಯ ಪ್ರಕಾರ 16 ದಾಟಿದವನು ಘೋರ ಅಪರಾಧ ಮಾಡಿದರೆ, ಮಂಡಳಿ ಪರಿಶೀಲಿಸಿ ದೊಡ್ಡವರ ಹಾಗೆ ವಿಚಾರಣೆಗೆ ಕಳಿಸಲೂಬಹುದು. ಪೋಕರಿ ಅನ್ನುವ ಮಾತು ಅಲ್ಲಿವರೆಗೆ ಬರುವುದಿಲ್ಲ.

ಪೆಟ್ಟು ತಿಂದು ಬಂದ ಮಗನಿಗೆ "ನೀನೂ ಎರಡು ಬಾರಿಸಬೇಕಿತ್ತು" ಅನ್ನುವ ಅಪ್ಪಂದಿರು ನಮ್ಮಲ್ಲಿ ಬಹಳ. ಅವನಿಗೆ ಬಾರಿಸಲು ಆಗುತ್ತಿದ್ದರೆ ಇಷ್ಟು ದಿನ ಸುಮ್ಮನಿರುತ್ತಿದ್ದನಾ? ಅವನು ಹೇಳಿದ್ದೇ ದೊಡ್ಡದು. ಪೂರ್ತಿ ಕೇಳಿ, ತಾರೀಕು ಹಾಕಿ ಬರೆದಿಟ್ಟುಕೊಳ್ಳಿ, ಶಾಲೆಗೆ ಬಾಯಿಮಾತಿನಲ್ಲಿ ಹೇಳದೆ ಬರೆದು ಕೊಡಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ ಇದೆ, ಪಂಚಾಯತಿನಲ್ಲಿ ಮಕ್ಕಳ ಗ್ರಾಮಸಭೆ ಇದೆ, ಅಲ್ಲಿ ಬರೀ ಶೌಚಾಲಯದ ಬಾಗಿಲು ರಿಪೇರಿ ಕೇಳುವುದಲ್ಲ, ಆ ಬಾಗಿಲಿನ ಹತ್ತಿರ ಏನಾಗುತ್ತದೆ ಅಂತಲೂ ಮಕ್ಕಳು ಹೇಳಬಹುದು.

ಪೆನ್ನು ಇದ್ದರೆ ಬರೆದುಕೊಳ್ಳಿ. ಮಕ್ಕಳ ಸಹಾಯವಾಣಿ 1098, ದಿನದ ಇಪ್ಪತ್ತನಾಲ್ಕು ಗಂಟೆಯೂ, ದುಡ್ಡಿಲ್ಲ. ಮಕ್ಕಳೇ ಮಾಡಬಹುದು, ನೋಡಿದವರೂ ಮಾಡಬಹುದು. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ. ಕಾಲೇಜಿನ ರ‍್ಯಾಗಿಂಗ್ ಆದರೆ 1800 180 5522. ಬರೆದುಕೊಳ್ಳಲು ಆಗದವರಿಗೆ ಮೊದಲಿನದ್ದನ್ನು ಇನ್ನೊಮ್ಮೆ ಹೇಳುತ್ತೇನೆ, ಒಂದು ಸೊನ್ನೆ ಒಂಬತ್ತು ಎಂಟು. ನಮಸ್ಕಾರ.