ಒಂದೇ ಕೆರೆಗೆ ನೂರು ಸಲ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಮಕ್ಕಳು ಓಡಾಡಿದರೆ ಓಡಾಡಲಿ, ಬಿಡಿ. ಹಿಡಿದು ಕೂರಿಸಬೇಡಿ. ಶಿಶುವಿಹಾರದಲ್ಲಿ ಕೆಲಸ ಮಾಡಿದವಳು ನಾನು, ಈ ಗಲಾಟೆಯ ನಡುವೆ ಮಾತಾಡಿ ಅಭ್ಯಾಸ.

ರಜೆ ಬಂತು. ಈ ವಾರ ನನಗೆ ಫೋನ್ ಮಾಡಿದ ಅಪ್ಪ ಅಮ್ಮಂದಿರೆಲ್ಲ ಕೇಳಿದ್ದು ಒಂದೇ. "ಮಿಸ್, ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗೋದು?" ಝೂ ನೋಡಿಯಾಗಿದೆ. ರೈಲ್ವೆ ಮ್ಯೂಸಿಯಂ ನೋಡಿಯಾಗಿದೆ. ಕಾರಂಜಿ ಕೆರೆಗೆ ಹೋದ ತಿಂಗಳು, ರಂಗನತಿಟ್ಟಿಗೆ ಕಳೆದ ವರ್ಷ. ಮೈಸೂರಿನಲ್ಲಿ ಇನ್ನೇನು ಉಳಿದಿದೆ ಅಂತ ಅವರ ಚಿಂತೆ.

ನಾನು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಾಲ್ಕೈದು ವರ್ಷದ ಮಗುವಿಗೆ ಯಾವ ಜಾಗವೂ ಒಂದು ಸಲಕ್ಕೆ ಮುಗಿಯುವುದಿಲ್ಲ. ಹೊಸ ಜಾಗ ಹುಡುಕಿಕೊಂಡು ಅಲೆಯಬೇಡಿ. ಹೋದ ಜಾಗಕ್ಕೇ ಮತ್ತೆ ಹೋಗಿ. ಮತ್ತೆ ಮತ್ತೆ ಹೋಗಿ.

ಯಾಕೆ ಅಂತೀರಾ? ಹೊಸ ಜಾಗದಲ್ಲಿ ಮಗುವನ್ನು ಗಮನಿಸಿ ನೋಡಿ. ಅದು ಆನೆಯನ್ನು ನೋಡುವುದಕ್ಕಿಂತ ಜಾಸ್ತಿ ನಿಮ್ಮ ಕಡೆ ನೋಡುತ್ತಿರುತ್ತದೆ. ಅಮ್ಮ ಎಲ್ಲಿ, ಇಷ್ಟೊಂದು ಜನ ಯಾಕೆ, ಸೂಸು ಬಂದರೆ ಎಲ್ಲಿಗೆ ಹೋಗೋದು. ಅದರ ತಲೆಯಲ್ಲಿ ಇದೇ ಇರುತ್ತದೆ. ಎರಡನೇ ಸಲ ಗೇಟು ಗುರುತು ಸಿಗುತ್ತದೆ. ಮೂರನೇ ಸಲ ನಿಮ್ಮ ಬೆರಳು ಬಿಟ್ಟು ಮುಂದೆ ಓಡುತ್ತದೆ. ತಿರುವಿನ ಆಚೆ ಏನಿದೆ ಅಂತ ಗೊತ್ತಾದ ಮೇಲೆಯೇ ಮಗು ನಿಜವಾಗಿ ಆಡುವುದಕ್ಕೆ ಶುರು ಮಾಡುವುದು. ಅದು ಶುರುವಾಗುವ ಹೊತ್ತಿಗೆ ನಾವು ಜಾಗ ಬದಲಿಸಿಬಿಡುತ್ತೇವೆ.

ನನ್ನ ಮೊಮ್ಮಗಳ ಕಥೆ ಹೇಳುತ್ತೇನೆ. ಇಲ್ಲಿ ಕೆಲವರು ಮೊದಲೇ ಕೇಳಿದ್ದೀರಿ. ಇನ್ನೊಂದು ಸಲ ಕೇಳಿ, ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಹತ್ತಿರ ಇಲ್ಲ.

ಆಗ ಅವಳಿಗೆ ನಾಲ್ಕು ವರ್ಷ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಸಂಜೆ ನಾನು ಅವಳನ್ನು ಕುಕ್ಕರಹಳ್ಳಿ ಕೆರೆಗೆ ಕರೆದುಕೊಂಡು ಹೋಗುತ್ತಿದ್ದೆ. ಏರಿಯ ದಾರಿಯಲ್ಲಿ ಒಂದು ದೊಡ್ಡ ಮರ, ಅದರ ಬುಡದಲ್ಲಿ ಒಂದು ಕಲ್ಲು ಬೆಂಚು. ಬೆಂಚಿನ ಅಡಿ ಮಣ್ಣು ಒಣಗಿ ನುಣ್ಣಗೆ ಪುಡಿಯಾಗಿತ್ತು. ಆ ಪುಡಿ ಮಣ್ಣಿನಲ್ಲಿ ಸಣ್ಣ ಸಣ್ಣ ಗುಂಡಿ, ಆಲಿಕೆಯ ಆಕಾರದಲ್ಲಿ. "ಅಜ್ಜಿ, ಯಾರೋ ಬೆರಳು ಚುಚ್ಚಿದ್ದಾರೆ" ಅಂದಳು. ಹೌದಾ ಅಂದೆ. ಅವತ್ತಿಗೆ ಅಷ್ಟೇ.

ಮುಂದಿನ ಸಲ ಹೋದಾಗ ಹಕ್ಕಿ ಬೇಡ, ನೀರು ಬೇಡ, ಸೀದಾ ಬೆಂಚಿನ ಹತ್ತಿರ. ಕುಕ್ಕರುಗಾಲಲ್ಲಿ ಕೂತು ತಾನೇ ಬೆರಳು ಚುಚ್ಚಿ ನೋಡಿದಳು. ಗುಂಡಿ ಹಾಗೆ ಬರಲಿಲ್ಲ. "ಬೆರಳಲ್ಲ ಅಜ್ಜಿ" ಅಂತ ಅವಳೇ ತೀರ್ಪು ಬದಲಿಸಿದಳು.

ಇನ್ನೊಂದು ಸಂಜೆ ಒಂದು ಇರುವೆ ಬಂತು. ಗುಂಡಿಯ ಅಂಚಿಗೆ ಕಾಲಿಟ್ಟಿತು, ಜಾರಿತು. ಮೇಲೆ ಹತ್ತಲು ನೋಡಿತು, ಮಣ್ಣು ಕುಸಿಯಿತು. ಅಷ್ಟರಲ್ಲಿ ತಳದಿಂದ ಪುಸಕ್ಕನೆ ಮಣ್ಣು ಚಿಮ್ಮಿತು! ಇರುವೆ ಮತ್ತೆ ಕೆಳಗೆ. ಎರಡು ಕೊಂಡಿ ಕಾಣಿಸಿತು, ಇರುವೆ ಮಾಯ. ಹುಡುಗಿ ಎದ್ದು ನನ್ನ ಸೆರಗು ಹಿಡಿದುಕೊಂಡಳು. "ಒಳಗೆ ಯಾರೋ ಇದ್ದಾರೆ!"

ಯಾರಿದ್ದರು ಅಂತ ನಿಮಗೆ ಹೇಳಿಬಿಡುತ್ತೇನೆ. ಅದೊಂದು ಹುಳದ ಮರಿ. ಹಿಂದೆ ಹಿಂದೆ ಸುತ್ತು ಹೊಡೆಯುತ್ತಾ, ತಲೆಯಿಂದ ಮಣ್ಣು ಎಸೆಯುತ್ತಾ ಗುಂಡಿ ತೋಡುತ್ತದೆ. ಒಣ ಮಣ್ಣು ಜಾರದೆ ಎಷ್ಟು ಕಡಿದಾಗಿ ನಿಲ್ಲಬಲ್ಲದೋ ಹೆಚ್ಚುಕಡಿಮೆ ಅಷ್ಟೇ ಕಡಿದಾಗಿ. ಅದಕ್ಕೇ ಇರುವೆ ಕಾಲಿಟ್ಟ ತಕ್ಷಣ ಕುಸಿಯುವುದು. ತಳದಲ್ಲಿ ಮಣ್ಣೊಳಗೆ ಮೈ ಮುಚ್ಚಿಕೊಂಡು ಕಾಯುತ್ತದೆ. ಬೆಳೆದ ಮೇಲೆ ಮಣ್ಣಿನ ಉಂಡೆ ಕಟ್ಟಿಕೊಂಡು ಒಳಗಿದ್ದು, ಆಮೇಲೆ ರೆಕ್ಕೆ ಬಂದು ಹಾರಿಹೋಗುತ್ತದೆ. ನೋಡಲು ಏರೋಪ್ಲೇನ್ ಚಿಟ್ಟೆಯ ಥರ ಇರುತ್ತದೆ.

ಇದನ್ನೆಲ್ಲ ನಾನು ಅವಳಿಗೆ ಹೇಳಲಿಲ್ಲ. ಬೇಕಂತಲೇ ಹೇಳಲಿಲ್ಲ. ನಾನು ಹೇಳಿದ್ದರೆ "ಓ, ಹುಳ" ಅಂತ ಎದ್ದು ಹೋಗುತ್ತಿದ್ದಳು. ಹೇಳದಿದ್ದದ್ದಕ್ಕೆ ಅವಳೇ ಪರೀಕ್ಷೆ ಶುರು ಮಾಡಿದಳು. ಎಲೆಯ ಚೂರು ಹಾಕಿದಳು. ಹುಳ ಅದನ್ನು ಹೊರಗೆ ಎಸೆಯಿತು. "ಅದಕ್ಕೆ ಸೊಪ್ಪು ಸೇರಲ್ಲ" ಅಂದಳು. ನಮ್ಮ ಮನೆಯಲ್ಲೂ ಸೊಪ್ಪು ಸೇರದವರು ಒಬ್ಬರಿದ್ದಾರೆ, ಅವರಿಗೆ ಬಹಳ ಸಮಾಧಾನವಾಯಿತು. ಮೇ ತಿಂಗಳಲ್ಲಿ ಒಂದು ದಿನ ಜೋರು ಮಳೆ ಬಂತು. ಮಾರನೇ ದಿನ ಹೋದರೆ ದಾರಿಯ ಪಕ್ಕದ ಗುಂಡಿಗಳೆಲ್ಲ ಕಾಣೆ, ಬೆಂಚಿನ ಅಡಿಯವು ಮಾತ್ರ ಹಾಗೇ ಇವೆ. ಅವಳು ಬೆಂಚು ನೋಡಿದಳು, ಆಕಾಶ ನೋಡಿದಳು. "ಮನೆ ಒದ್ದೆ ಆಗಬಾರದು ಅಂತ ಇಲ್ಲಿ ಕಟ್ಟಿದೆ" ಅಂದಳು. ಯಾರೂ ಹೇಳಿಕೊಟ್ಟಿದ್ದಲ್ಲ.

ಕಥೆ ಇನ್ನೂ ಇದೆ. ಒಂದು ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಸದ್ದೇ ಇಲ್ಲ. ಸದ್ದಿಲ್ಲ ಅಂದರೆ ಏನೋ ನಡೆಯುತ್ತಿದೆ ಅಂತ ಅಮ್ಮಂದಿರಿಗೆಲ್ಲ ಗೊತ್ತು, ಅಲ್ವಾ? ಹೋಗಿ ನೋಡಿದರೆ ಉಪ್ಪಿಟ್ಟಿನ ರವೆಯನ್ನು ತಟ್ಟೆಗೆ ಸುರಿದುಕೊಂಡು ಕೂತಿದ್ದಾಳೆ. ಮಧ್ಯೆ ಒಂದು ಗುಂಡಿ. ಅಂಚಿನಲ್ಲಿ ಸಾಸಿವೆ ಕಾಳು. ಸಾಸಿವೆ ಅಂದರೆ ಇರುವೆಯಂತೆ. ಅದನ್ನು ಜಾರಿಸುವುದು, ತಳದಿಂದ ಬೆರಳಲ್ಲಿ ರವೆ ಚಿಮ್ಮುವುದು. ಪಕ್ಕದ ತಟ್ಟೆಯಲ್ಲಿ ರಾಗಿ ಹಿಟ್ಟು. ಅದರಲ್ಲೂ ಒಂದು ಗುಂಡಿ. ಆದರೆ ಹಿಟ್ಟಿನ ಗುಂಡಿ ಕುಸಿಯುವುದಿಲ್ಲ, ಅದರ ಗೋಡೆ ನೆಟ್ಟಗೆ ನಿಲ್ಲುತ್ತದೆ. "ಅಜ್ಜಿ, ಹಿಟ್ಟಿನಲ್ಲಾದರೆ ಇರುವೆ ತಪ್ಪಿಸಿಕೊಳ್ಳುತ್ತೆ" ಅಂದಳು. ನನ್ನ ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. ಬೈಯಲಿಲ್ಲ. ರವೆ ಹೋದರೆ ಹೋಯ್ತು ಅಂತ ಮಗಳ ಪಕ್ಕದಲ್ಲಿ ಕೂತು ತಾನೂ ಒಂದು ಸಾಸಿವೆ ಜಾರಿಸಿದಳು. ಆ ದಿನ ಅವಳ ಮೇಲೆ ನನಗೆ ಬಂದ ಪ್ರೀತಿಯನ್ನು ಹೇಗೆ ಹೇಳಲಿ.

ಈಗ ಹೇಳಿ. ಆ ಕೆರೆಗೆ ಒಂದೇ ಸಲ ಹೋಗಿದ್ದರೆ ಇದು ಎಲ್ಲಿಗೆ ನಿಲ್ಲುತ್ತಿತ್ತು? "ಯಾರೋ ಬೆರಳು ಚುಚ್ಚಿದ್ದಾರೆ" ಅನ್ನುವಲ್ಲಿಗೇ ನಿಲ್ಲುತ್ತಿತ್ತು.

ಮಗುವಿಗೆ ಕ್ರಿಯೇಟಿವಿಟಿ ಬರಲಿ ಅಂತ ಏನೇನೋ ಕೊಡಿಸುತ್ತೀರಿ. ಬಣ್ಣದ ಪೆಟ್ಟಿಗೆ, ಕಿಟ್ಟು, ಕ್ಲಾಸು. ಕೊಡಿಸಿ, ಬೇಡ ಅನ್ನುವುದಿಲ್ಲ. ಬೇಸಿಗೆ ಶಿಬಿರಗಳ ಮೇಲೂ ನನಗೆ ಸಿಟ್ಟಿಲ್ಲ. ನಮ್ಮ ರಂಗಾಯಣದ ಚಿಣ್ಣರ ಮೇಳದಲ್ಲಿ ಕುಣಿದು ಹಾಡಿ ಬಂದ ಮಕ್ಕಳನ್ನು ನಾನೇ ನೋಡಿದ್ದೇನೆ, ಮಾತಿಗೆ ಹೊಸ ಜೀವ ಬಂದಿರುತ್ತದೆ. ಆದರೆ ಚಿತ್ರ ಬರೆಯಲು ಮಗುವಿನ ಒಳಗೆ ಏನಾದರೂ ಇರಬೇಕಲ್ಲ? ಎಷ್ಟೋ ಮಕ್ಕಳು ಹಾಳೆ ಕೊಟ್ಟರೆ ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಮನೆ ಬರೆಯುತ್ತಾರೆ. ನಾವು ಚಾಮುಂಡಿ ಬೆಟ್ಟದ ಕೆಳಗೆ ಇರುವವರು, ನಮ್ಮ ಮಕ್ಕಳೂ ಅದೇ ಎರಡು ಬೆಟ್ಟ ಬರೆಯುತ್ತಾರೆ. ಮೆಟ್ಟಿಲು ಹತ್ತಿದ ಮಗು ಮೆಟ್ಟಿಲು ಬರೆಯುತ್ತದೆ. ನಂದಿಯ ಕೊರಳಿನ ಗಂಟೆ ಬರೆಯುತ್ತದೆ. ಆ ನಂದಿ ದೊಡ್ಡ ದೇವರಾಜ ಒಡೆಯರ ಕಾಲದ್ದು, 17ನೇ ಶತಮಾನದ್ದು ಅಂತ ನೀವು ಹೇಳುವುದೆಲ್ಲ ಆಮೇಲೆ. ಮೊದಲು ಅದರ ಸುತ್ತ ಸುಮ್ನೆ ಓಡಲಿ.

ಹಾಂ, ಬೊಂಬೆ ಹಬ್ಬದ ವಿಷಯ ಹೇಳಲೇಬೇಕು. ದಸರೆಗೆ ಬೊಂಬೆ ಕೂರಿಸುವ ಮನೆಯವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಬೊಂಬೆ ಮೆಟ್ಟಿಲ ಮುಂದೆ ಪಾರ್ಕ್ ಮಾಡುತ್ತೇವಲ್ಲ, ಅದನ್ನು ಮಕ್ಕಳ ಕೈಗೆ ಬಿಟ್ಟುಬಿಡಿ. ಹಬ್ಬಕ್ಕೆ ಒಂದು ವಾರ ಮುಂಚೆ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಿಸಿ. ದಿನಾ ನೀರು ಚಿಮುಕಿಸುವ ಕೆಲಸವೂ ಅವರದೇ. ಪಾಡ್ಯದ ಹೊತ್ತಿಗೆ ಹಸಿರು ಎದ್ದಿರುತ್ತದೆ. ಆಮೇಲೆ ಮರಳು, ಕಲ್ಲು, ಕೆರೆಗೆ ಒಂದು ಕನ್ನಡಿ.

ಆ ವರ್ಷ ನಮ್ಮ ಹುಡುಗಿ ಮಾಡಿದ ಪಾರ್ಕಿನಲ್ಲಿ ಕನ್ನಡಿಯ ಪಕ್ಕ ಒಂದು ಒಣ ಕಡ್ಡಿ ನೆಟ್ಟಿದ್ದಳು. ಅದರ ಮೇಲೆ ಜೇಡಿಮಣ್ಣಿನ ಒಂದು ಕಪ್ಪು ಹಕ್ಕಿ, ಎರಡೂ ರೆಕ್ಕೆ ಬಿಚ್ಚಿಕೊಂಡು. ಅರಿಶಿನ ಕುಂಕುಮಕ್ಕೆ ಬಂದವರು "ಏನು ಪುಟ್ಟಿ, ನಿನ್ನ ಹಕ್ಕಿ ಹಾರಿಹೋಗ್ತಿದೆಯಾ?" ಅಂದರು. "ಇಲ್ಲ ಆಂಟಿ, ಬಟ್ಟೆ ಒಣಗಿಸ್ತಿದೆ." ನೀರುಕಾಗೆ! ಮುಳುಗಿ ಮೀನು ಹಿಡಿಯುವ ಹಕ್ಕಿ, ಅದರ ಗರಿ ನೀರಿಗೆ ನೆನೆಯುತ್ತದೆ. ಅದಕ್ಕೇ ಮೇಲೆ ಬಂದು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತದೆ. ಕುಕ್ಕರಹಳ್ಳಿಯಲ್ಲಿ ದಿನಾ ಕಾಣುವ ನೋಟ. ಇಷ್ಟೇ ಅಲ್ಲ, ಬೆಂಕಿಪೊಟ್ಟಣದ ಒಂದು ಬೆಂಚು ಇತ್ತು. ಬೆಂಚಿನ ಅಡಿ ಏನಿತ್ತು ಅಂತ ನೀವೇ ಊಹಿಸಿ. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಬಾತುಕೋಳಿ ಕೊಟ್ಟರೆ ಬೇಡ ಅಂದಳು. "ನಮ್ಮ ಕೆರೇಲಿ ಅದಿಲ್ಲ." ನಮ್ಮ ಕೆರೆ ಅಂದಳು, ನೋಡಿ.

1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಹೊಲಗದ್ದೆಗೆ ನೀರಿಗೆಂದು ಆದ ಕೆರೆ ಅದು. ಕುವೆಂಪು ಇದೇ ದಂಡೆಯ ಮೇಲೆ ನಡೆದಾಡಿದರು, ಈ ಕೆರೆಯ ಮೇಲೆ ಕವಿತೆ ಬರೆದರು. ಮಲೆನಾಡಿನ ಕಾಡು ನೋಡಿ ಬೆಳೆದವರಿಗೆ ಈ ಕೆರೆ ಸಾಲಲಿಲ್ಲವೇ? ಸಾಕಾಯಿತು. ದಿನಾ ಹೋದರು, ಅದಕ್ಕೇ ಸಾಕಾಯಿತು. ನಮ್ಮ ಮಕ್ಕಳಿಗೂ ಸಾಕು.

ಅಲ್ಲಿ ಒಬ್ಬರು ಕೈ ಎತ್ತುತ್ತಿದ್ದೀರಿ. ಟೈಮ್ ಎಲ್ಲಿದೆ ಅಂತ ತಾನೇ? ಇದ್ದೇ ಇದೆ ಆ ಪ್ರಶ್ನೆ. ನೋಡಿ, ನಾನು ಹೇಳುತ್ತಿರುವುದು ಟೈಮ್ ಉಳಿಸುವ ದಾರಿಯೇ. ದೂರದ ಜಾಗಕ್ಕೆ ಹೋಗಬೇಕಾದರೆ ರಜೆ ಬೇಕು, ಕಾರು ಬೇಕು, ದುಡ್ಡು ಬೇಕು. ಹತ್ತಿರದ ಪಾರ್ಕಿಗೆ ಅರ್ಧ ಗಂಟೆ ಸಾಕು. ಕೆರೆ ಇಲ್ಲದ ಬಡಾವಣೆಯಾದರೆ ಒಂದು ಖಾಲಿ ಸೈಟು, ದೇವಸ್ಥಾನದ ಹಿಂದಿನ ಮರ. ಮುಟ್ಟಿದರೆ ಮುನಿ ಇರುವ ಒಂದು ಬದು ಸಿಕ್ಕಿದರೆ ನಾಲ್ಕು ಸಂಜೆ ಕಳೆಯುತ್ತದೆ. ಹೊಸ ಜಾಗ ಬೇಡ. ಅದೇ ಜಾಗ.

ಮತ್ತೆ, ಅಲ್ಲಿಗೆ ಹೋದ ಮೇಲೆ ಪಾಠ ಮಾಡಬೇಡಿ. "ಪುಟ್ಟ, ವಾಟ್ ಕಲರ್ ಈಸ್ ದಿಸ್ ಫ್ಲವರ್?" ಮಗುವಿಗೆ ಗೊತ್ತು, ನಿಮಗೂ ಗೊತ್ತು. ಯಾಕೆ ಕೇಳಬೇಕು? ಅದು ಕೇಳಿದಾಗ ಉತ್ತರ ಕೊಡಿ. ಅಲ್ಲಿಯವರೆಗೆ ಬೆಂಚಿನ ಮೇಲೆ ಕೂತಿರಿ. ಅವಸರ ಮಾಡಬೇಡಿ. ಆದರೆ ನೀರಿನ ಅಂಚಿನಲ್ಲಿ ಮಾತ್ರ ಕೈ ಹಿಡಿದೇ ಇರಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಚೀಟಿ ಬಂತು. ಹತ್ತು ನಿಮಿಷ ಅಂದುಕೊಂಡಿದ್ದೆ, ಐದೇ ಅಂತೆ. ಪುತ್ತೂರಿನಲ್ಲಿ ಶಿವರಾಮ ಕಾರಂತರ ಬಾಲವನದ ಬಗ್ಗೆ ಹೇಳಬೇಕೆಂದು ಬರೆದುಕೊಂಡು ಬಂದಿದ್ದೆ. ಅದಕ್ಕೆ ಇನ್ನೊಂದು ಸಂಜೆಯೇ ಬೇಕು, ಬಿಡೋಣ.

ಬೇಗ ಬೇಗ ಹೇಳಿಬಿಡುತ್ತೇನೆ. ಮಗುವಿಗೆ ಒಂದು ಬಟ್ಟೆಯ ಕೈಚೀಲ ಕೊಡಿ. ಬಿದ್ದದ್ದನ್ನು ಆರಿಸಿಕೊಳ್ಳಲಿ, ಗಿಡದಿಂದ ಕೀಳುವುದು ಬೇಡ. ಮಹಾಗನಿ ಬೀಜ ಸಿಕ್ಕಿದರೆ ಮಹಡಿಯಿಂದ ಬಿಡಿ, ಗಿರಗಿರ ತಿರುಗುತ್ತಾ ಇಳಿಯುತ್ತದೆ. ಕತ್ತಿಕಾಯಿ ಮರ ಗೊತ್ತಲ್ಲ, ಗುಲ್‌ಮೊಹರ್? ಒಣಗಿದ ಕಾಯಿ ಒಂದು ದಿನ ಕತ್ತಿ, ಇನ್ನೊಂದು ದಿನ ಗಿಲಕಿ. ತಂದದ್ದನ್ನು ಇಡಲು ಬಾಗಿಲ ಹತ್ತಿರ ಒಂದು ಬುಟ್ಟಿ ಇಡಿ, ಮಗುವನ್ನು ಕೇಳದೆ ಎಸೆಯಬೇಡಿ. ಒಂದು ಜೊತೆ ಚಡ್ಡಿ ಜಾಸ್ತಿ ಇರಲಿ. ನೀರಿನ ಬಾಟಲು, ಒಂದು ಡಬ್ಬಿ ಅವಲಕ್ಕಿ ಸಾಕು. ಅಜ್ಜಿ ತಾತಂದಿರಿದ್ದರೆ ಅವರ ಜೊತೆ ಕಳಿಸಿ, ಅವರ ನಡಿಗೆಯೂ ಮಗುವಿನ ನಡಿಗೆಯೂ ಚೆನ್ನಾಗಿ ಹೊಂದುತ್ತದೆ.

ಇನ್ನೊಂದು. "ಬೋರ್ ಆಗ್ತಿದೆ, ಇದೇ ಜಾಗಕ್ಕೆ ಯಾಕೆ ಬಂದ್ವಿ" ಅಂತ ಮಗು ಹೇಳಬಹುದು. ಹೇಳಲಿ. ಮೊಬೈಲ್ ಮಾತ್ರ ಕೊಡಬೇಡಿ. ಸ್ವಲ್ಪ ಹೊತ್ತು ಗೊಣಗುತ್ತದೆ, ಕಲ್ಲು ಒದೆಯುತ್ತದೆ, ಆಮೇಲೆ ಆ ಕಲ್ಲಿನ ಅಡಿ ಏನಿದೆ ಅಂತ ಬಗ್ಗುತ್ತದೆ. ಕಾಯಬೇಕು, ಅಷ್ಟೇ.

ಬರುವ ಭಾನುವಾರ ಬೆಳಗ್ಗೆ ಏಳು ಗಂಟೆಗೆ ನಾನು ಕೆರೆಯ ಗೇಟಿನ ಹತ್ತಿರ ಇರುತ್ತೇನೆ. ಬರುವವರು ಮಕ್ಕಳನ್ನು ಕರೆದುಕೊಂಡು ಬನ್ನಿ. ಆದರೆ ಒಂದು ಷರತ್ತು, ಅದರ ಮುಂದಿನ ಭಾನುವಾರವೂ ಬರಬೇಕು. ಕೇಳಬೇಕಾದದ್ದು ಇದ್ದರೆ ಈಗ ಕೇಳಿ, ಮೈಕನ್ನು ಅವರಿಗೆ ಕೊಡಿ. ನಮಸ್ಕಾರ.