ಕಟ್ಟುಹಾವನ್ನೇರಿ ನಕ್ಷತ್ರಗಳ ನಡುವೆ

ತೆರೆಯ ಮೇಲೆ ನೀವು ನೋಡುತ್ತಿರುವ ನೌಕೆಯ ಹೆಸರು ಕ್ರೈಟ್ ಮಾರ್ಕ್ 2. ಬಾಹ್ಯಾಕಾಶದಲ್ಲಿ ನೌಕೆ ಓಡಿಸುವ ‘ಎಲೀಟ್ ಡೇಂಜರಸ್’ ಎಂಬ ಕಂಪ್ಯೂಟರ್ ಆಟದಲ್ಲಿ ಎರಡು ವರ್ಷಗಳಿಂದ ನಾನು ಓಡಿಸುತ್ತಿರುವುದು ಇದನ್ನೇ. ನಕ್ಷತ್ರದಿಂದ ನಕ್ಷತ್ರಕ್ಕೆ ಜಿಗಿತ, ಇಂಧನ, ದಾರಿಯ ಲೆಕ್ಕ ಎಲ್ಲವೂ ಚಿತ್ರದಲ್ಲೇ ಕಾಣುವುದರಿಂದ, ನಿಲ್ದಾಣ ಬರುವವರೆಗೆ ಈ ಹೆಸರಿನ ಬಗ್ಗೆ ಮಾತನಾಡುತ್ತೇನೆ.

ಕ್ರೈಟ್ ಎಂದರೆ ನಮ್ಮ ಕಟ್ಟುಹಾವು. ಹಿಂದಿಯ ‘ಕರೈತ್’ ಎಂಬ ಪದ ಇಂಗ್ಲಿಷಿಗೆ ಹೋಗಿ ಹೀಗಾಯಿತು. ಹಾನಗಲ್ ಕಡೆಯ ನಮ್ಮ ಮನೆಯಲ್ಲಿ ಮಳೆಗಾಲದ ರಾತ್ರಿ ಹಾಸಿಗೆ ಬಿಚ್ಚುವ ಮುನ್ನ ಅಜ್ಜಿ ಕಂದೀಲು ಹಿಡಿದು ಮೂಲೆಮೂಲೆಯನ್ನೂ ನೋಡುತ್ತಿದ್ದುದು ಈ ಹಾವಿಗೆ ಹೆದರಿಯೇ. ಇದು ಕತ್ತಲಲ್ಲಿ ಸಂಚರಿಸುತ್ತದೆ. ಕಚ್ಚಿದರೆ ನೋವು ಅಷ್ಟಾಗಿ ತಿಳಿಯುವುದಿಲ್ಲ, ಆದರೆ ವಿಷ ನರಗಳ ಮೇಲೆ ಕೆಲಸ ಮಾಡಿ ಉಸಿರನ್ನೇ ನಿಲ್ಲಿಸುತ್ತದೆ. ಒಬ್ಬನೇ ಕುಳಿತು ಹೋರಾಡುವ ಪುಟ್ಟ ನೌಕೆಯೊಂದಕ್ಕೆ 1984ರ ಮೂಲ ‘ಎಲೀಟ್’ ಆಟ ಈ ಹೆಸರನ್ನು ಕೊಟ್ಟಿತು.

ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್ ಆ ಆಟವನ್ನು ಬಿಬಿಸಿ ಮೈಕ್ರೋ ಕಂಪ್ಯೂಟರಿಗಾಗಿ ಬರೆದರು. ಒಟ್ಟು 32 ಕಿಲೋಬೈಟ್ ಸ್ಮರಣೆಯ ಯಂತ್ರದಲ್ಲಿ ಎಂಟು ಗ್ಯಾಲಕ್ಸಿಗಳನ್ನೂ, ಒಂದೊಂದರಲ್ಲಿ 256 ಲೋಕಗಳನ್ನೂ ಅವರು ಹಿಡಿಸಿದ್ದರು. ನೌಕೆಗಳೆಂದರೆ ಕಪ್ಪು ತೆರೆಯ ಮೇಲಿನ ಕೆಲವು ಬಿಳಿ ಗೆರೆಗಳು, ಅಷ್ಟೇ. ಬಣ್ಣವಿಲ್ಲದ, ಮೈಯಿಲ್ಲದ ಆ ಗೆರೆಗಳಲ್ಲಿ ಯಾವುದು ಕಚ್ಚುತ್ತದೆ, ಯಾವುದು ಸುತ್ತಿಕೊಳ್ಳುತ್ತದೆ ಎಂಬುದನ್ನು ಹೆಸರೇ ಹೇಳಬೇಕಾಗಿತ್ತು. ಆದ್ದರಿಂದಲೇ ಅಲ್ಲಿ ನೌಕೆಗಳಿಗಿಟ್ಟ ಹಾವುಗಳ ಹೆಸರು ಅಲಂಕಾರವಲ್ಲ, ಚಿತ್ರದ ಅರ್ಧ ಭಾಗ ಎಂದು ನಾನು ನಂಬುತ್ತೇನೆ.

ಆಟಗಾರನಿಗೆ ಮೊದಲು ಸಿಗುತ್ತಿದ್ದುದು ಕೋಬ್ರಾ ಮಾರ್ಕ್ 3. ನಾಗರಹಾವನ್ನು ಪೋರ್ಚುಗೀಸರು ‘ಕೋಬ್ರಾ ದೆ ಕಪೆಲೊ’, ಅಂದರೆ ಮುಸುಕಿನ ಹಾವು ಎಂದು ಕರೆದರು. ಕಾಲಕ್ರಮದಲ್ಲಿ ಮುಸುಕು ಉದುರಿ, ‘ಹಾವು’ ಎಂಬಷ್ಟೇ ಅರ್ಥದ ಕೋಬ್ರಾ ಉಳಿಯಿತು. ಅಗಲವಾಗಿ ಚಪ್ಪಟೆಯಾಗಿರುವ ಆ ನೌಕೆಯನ್ನು ಕಂಡಾಗಲೆಲ್ಲ ನನಗೆ ಬಿಚ್ಚಿದ ಹೆಡೆಯೇ ನೆನಪಾಗುತ್ತದೆ. ಪೊಲೀಸರ ನೌಕೆ ವೈಪರ್. ನಮ್ಮ ಕೊಳಕುಮಂಡಲ ಆ ಕುಲದ್ದೇ.

ಬಾಹ್ಯಾಕಾಶದ ಇನ್ನೊಂದು ಆಟ ‘ಮಾಸ್ ಎಫೆಕ್ಟ್’ನ ಹೆಸರಿಡುವ ಕ್ರಮವೇ ಎಲ್ಲಕ್ಕಿಂತ ಶ್ರೇಷ್ಠವೆಂದು ನಾನು ಒಂದು ಕಾಲದಲ್ಲಿ ವಾದಿಸುತ್ತಿದ್ದೆ. ಅಲ್ಲಿ ಮನುಷ್ಯರ ಫ್ರಿಗೇಟ್ ಎಂಬ ಚಿಕ್ಕ ಯುದ್ಧನೌಕೆಗಳಿಗೆ ಯುದ್ಧಗಳ, ಕ್ರೂಸರ್ ಎಂಬ ಮಧ್ಯಮ ಗಾತ್ರದವಕ್ಕೆ ನಗರಗಳ, ಡ್ರೆಡ್‌ನಾಟ್ ಎಂಬ ಭಾರಿ ನೌಕೆಗಳಿಗೆ ಪರ್ವತಗಳ ಹೆಸರಿದೆ. ನಾಯಕನ ನೌಕೆ ನಾರ್ಮಂಡಿಯ ಹಿಂದೆ, ಎರಡನೆಯ ಮಹಾಯುದ್ಧದಲ್ಲಿ ಮಿತ್ರಪಡೆಗಳು 1944ರ ಜೂನ್ 6ರಂದು ಬಂದಿಳಿದ ಫ್ರಾನ್ಸಿನ ಸಮುದ್ರತೀರವಿದೆ. ನಿಜವಾದ ನೌಕಾಪಡೆಗಳ ರೂಢಿಯೂ ಇಂಥದ್ದೇ. 1957ರಲ್ಲಿ ನಮ್ಮ ನೌಕಾಪಡೆಯನ್ನು ಸೇರಿದ ಕ್ರೂಸರ್ ಒಂದರ ಹೆಸರು ಐಎನ್‌ಎಸ್ ಮೈಸೂರು. ಈ ಕ್ರಮದಲ್ಲಿ ಗಾಂಭೀರ್ಯವಿದೆ, ಒಪ್ಪುತ್ತೇನೆ. ಆದರೆ ಅಂಥ ಹೆಸರು ನೌಕೆ ಯಾರ ಕಡೆಯದು ಎಂದು ಹೇಳುತ್ತದೆಯೇ ಹೊರತು, ಎದುರಾದಾಗ ಅದು ಏನು ಮಾಡೀತು ಎಂದು ಹೇಳುವುದಿಲ್ಲ. ಇಂದು ನನ್ನ ಮತ ಹಾವುಗಳಿಗೆ.

ಅದೋ, ನಿಲ್ದಾಣ ಕಾಣಿಸಿತು. ಇದು ಕೊರಿಯೋಲಿಸ್ ಮಾದರಿಯದು. ತಿರುಗುವ ವಸ್ತುಗಳ ಮೇಲಿನ ಚಲನೆಯನ್ನು 1835ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಗಾಸ್ಪಾರ್ ಗುಸ್ತಾವ್ ಕೊರಿಯೋಲಿಸ್ ಅವರ ಹೆಸರು. ನಿಲ್ದಾಣ ಸದಾ ತಿರುಗುತ್ತಲೇ ಇರುವುದರಿಂದ ಈ ಹೆಸರು ಅದಕ್ಕೆ ಸಲ್ಲುವಂಥದ್ದು. ಕಳೆದ ತಿಂಗಳು ಇಂಥದೇ ಬಾಗಿಲಲ್ಲಿ ನನ್ನ ನೌಕೆ ನಾಶವಾಯಿತು. ಮೂರು ವಾರ ಯಾರೂ ಹೋಗದ ದಿಕ್ಕಿನಲ್ಲಿ ಸುತ್ತಿ ಗ್ರಹಗಳ ಮಾಹಿತಿಯನ್ನು ಸಂಗ್ರಹಿಸಿ ಮರಳುತ್ತಿದ್ದೆ. ಭಾರ ಕಡಿಮೆಯಾದಷ್ಟೂ ಜಿಗಿತ ದೂರವಾಗುತ್ತದೆಂದು ರಕ್ಷಣಾ ಕವಚವನ್ನು ತೆಗೆಸಿದ್ದೆ. ಬಾಗಿಲನ್ನು ಹೊಗುವಷ್ಟರಲ್ಲಿ ಒಳಗಿನಿಂದ ಬಂದ ಅನಕೊಂಡಾ ನೌಕೆಯೊಂದು ನೇರವಾಗಿ ಬಂದು ಅಪ್ಪಳಿಸಿತು. ನೌಕೆಯನ್ನು ಮರಳಿ ಪಡೆಯಲು ಅದರ ಬೆಲೆಯ ಶೇಕಡಾ 5ರಷ್ಟು, ನನ್ನ ಲೆಕ್ಕದಲ್ಲಿ 38 ಲಕ್ಷ ಕ್ರೆಡಿಟ್, ತೆರಬೇಕಾಯಿತು. ಆ ಹಣವನ್ನು ನಾಲ್ಕು ದಿನ ಸರಕು ಸಾಗಿಸಿ ಸಂಪಾದಿಸಿಕೊಂಡೆ. ನಿಲ್ದಾಣದಲ್ಲಿ ಮಾರದೆ ಉಳಿದಿದ್ದ ಮಾಹಿತಿ ಮಾತ್ರ ನೌಕೆಯೊಂದಿಗೇ ಅಳಿಸಿಹೋಯಿತು. ಮೊದಲು ಕಂಡವನೆಂದು ನನ್ನ ಹೆಸರು ಸೇರಬೇಕಿದ್ದ ಆ ಲೋಕಗಳು ಈಗ ಬೇರೆ ಯಾರಿಗಾದರೂ ಕಾಯುತ್ತಿರುತ್ತವೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂದಿನಿಂದ ಅನಕೊಂಡಾ ಎಂಬ ಹೆಸರನ್ನೇ ದ್ವೇಷಿಸುತ್ತಿದ್ದೆ. ಮೊನ್ನೆ ಅದರ ಮೂಲವನ್ನು ಓದಿದ ಮೇಲೆ ಮನಸ್ಸು ಬದಲಾಯಿತು. ದಕ್ಷಿಣ ಅಮೆರಿಕದ ಆ ಹಾವಿನ ಹೆಸರು ದಕ್ಷಿಣ ಅಮೆರಿಕದ್ದಲ್ಲ. 17ನೆಯ ಶತಮಾನದ ಕೊನೆಯಲ್ಲಿ ಯುರೋಪಿನ ಬರಹಗಳಲ್ಲಿ ಅದು ಸಿಂಹಳದ ಹಾವೊಂದಕ್ಕಿತ್ತು, ಬಳಿಕ ಸಾಗರವನ್ನು ದಾಟಿ ಬೇರೊಂದು ಹಾವಿನ ಮೈಮೇಲೆ ಕುಳಿತಿತು. ಇಷ್ಟು ದೂರ ಪ್ರಯಾಣ ಮಾಡಿದ ಹೆಸರು ನಕ್ಷತ್ರಗಳ ನಡುವೆ ಓಡಾಡುವ ನೌಕೆಗೆ ಅತ್ಯಂತ ಯೋಗ್ಯವಾದದ್ದು.

ಬಾಗಿಲು ಹತ್ತಿರವಾಯಿತು. ಕವಚವಿದೆ, ವೇಗ ಇಳಿದಿದೆ, ಒಳಗಿನಿಂದ ಯಾರೂ ಬರುತ್ತಿಲ್ಲ. ನನ್ನ ಈ ನೌಕೆಗೆ ನಾನಿಟ್ಟಿರುವ ಹೆಸರು ‘ಕಟ್ಟುಹಾವು’. ಈಗ ಸ್ವಲ್ಪ ಹೊತ್ತು ಮಾತು ನಿಲ್ಲಿಸಿ, ನೌಕೆಯನ್ನು ಇಳಿಸುತ್ತೇನೆ.